ತರ್ಕ, ಎಣಿಕೆ, ಸಂಭವನೀಯತೆ: ಲೆಕ್ಕವನ್ನು ನಮ್ಮ ಮಾತಿನಲ್ಲಿ ಓದಿ ಬಿಡಿಸುವ ಬಗೆ

ಸಂಜೆ ಹೊತ್ತು ವಿಜಯಪುರದ ನಮ್ಮ ಮನೆಗೆ ಡಿಸ್ಕ್ರೀಟ್ ಮ್ಯಾಥ್ಸ್ (ತರ್ಕ, ಎಣಿಕೆ, ಗ್ರಾಫ್‌ಗಳ ಗಣಿತ) ಪುಸ್ತಕ ಹಿಡಿದು ಕೆಲವು ಹುಡುಗ ಹುಡುಗಿಯರು ಬರುತ್ತಾರೆ. ಬಿ.ಸಿ.ಎ. ಓದುವವರಿದ್ದಾರೆ, ಎಂಜಿನಿಯರಿಂಗ್ ಓದುವವರೂ ಇದ್ದಾರೆ. ಬಂದವರು ಮೊದಲು ಹೇಳುವ ಮಾತು ಹೆಚ್ಚುಕಡಿಮೆ ಒಂದೇ: "ಸರ್, ಉತ್ತರ ನೋಡಿದ್ರ ತಿಳೀತದ. ನಾವಾಗೇ ಮಾಡಾಕ ಕುಂತ್ರ ಏನೂ ಹೊಳ್ಯಂಗಿಲ್ಲ."

ಅವರ ನೋಟ್‌ಬುಕ್ ನೋಡಿದರೆ ಕೂಡುವುದು, ಗುಣಿಸುವುದು ಎಲ್ಲಾ ಸರಿಯಾಗಿಯೇ ಇರುತ್ತದೆ. ಎಡವಿರುವುದು ಪ್ರಶ್ನೆಯ ವಾಕ್ಯದಲ್ಲಿ. "ಕನಿಷ್ಠ", "ಮಾತ್ರ", "ಎಲ್ಲ" ಎಂಬ ಸಣ್ಣ ಪದಗಳ ಮೇಲೆ ಕಣ್ಣು ಜಾರಿರುತ್ತದೆ. ನಾನೂ ಡಿಗ್ರಿ ಪರೀಕ್ಷೆಯಲ್ಲಿ "ಕನಿಷ್ಠ ಎರಡು" ಎಂಬುದನ್ನು "ಎರಡು" ಎಂದು ಓದಿ, ಎರಡು ಪುಟ ತಪ್ಪು ಲೆಕ್ಕ ಮಾಡಿ ಬಂದಿದ್ದೆ. ಆ ಬೇಜಾರು ಇವತ್ತಿಗೂ ಇದೆ. ಅದಕ್ಕೇ ಮೊದಲು ಓದುವುದನ್ನು ಕಲಿಸುತ್ತೇನೆ, ಸೂತ್ರ ಆಮೇಲೆ.

ಹಂತ 1: ನೋಟ್‌ಬುಕ್ಕಿನ ಎಡಪುಟ

ಎಡಪುಟವನ್ನು ಪ್ರಶ್ನೆಗೇ ಬಿಟ್ಟುಬಿಡಿ. ಪುಸ್ತಕದಲ್ಲಿ ಪ್ರಶ್ನೆ ಇಂಗ್ಲಿಷಿನಲ್ಲಿ ಇರುತ್ತದೆ, ಅಲ್ವಾ? ಅದನ್ನು ಮನೆಯಲ್ಲಿ ಆಡುವ ಮಾತಿನಲ್ಲಿ ಬರೆಯಿರಿ. ಅದರ ಕೆಳಗೆ ಇದೇ ಪ್ರಶ್ನೆಯನ್ನು ತೀರಾ ಚಿಕ್ಕದು ಮಾಡಿ ಬರೆಯಿರಿ. ಹತ್ತು ಜನರ ಬದಲು ಮೂರು ಜನ, ಐದು ಅಕ್ಷರದ ಬದಲು ಎರಡು ಅಕ್ಷರ. ಆ ಚಿಕ್ಕ ಪ್ರಶ್ನೆಯ ಎಲ್ಲಾ ಸಾಧ್ಯತೆಗಳನ್ನೂ ಒಂದೂ ಬಿಡದೆ ಕೈಯಾರೆ ಬರೆಯಿರಿ. ಇಷ್ಟಾದ ಮೇಲೆಯೇ ಬಲಪುಟಕ್ಕೆ ಹೋಗಿ.

ಇದಕ್ಕೆ ಹತ್ತು ನಿಮಿಷ ಹಿಡಿಯುತ್ತದೆ. ಆ ಹತ್ತು ನಿಮಿಷ ಉಳಿಸಲು ಹೋಗಬೇಡಿ.

ಹಂತ 2: ತರ್ಕ. "ಬಂದರೆ", "ಮಾತ್ರ", "ಎಲ್ಲ"

ಒಂದು ವಾಕ್ಯ ತೆಗೆದುಕೊಳ್ಳೋಣ. "ಮೇಲಿನಿಂದ ನೀರು ಜಾಸ್ತಿ ಬಂದರೆ ಆಲಮಟ್ಟಿ ಗೇಟು ತೆರೆಯುತ್ತಾರೆ." ಇದನ್ನು ಕೊಟ್ಟ ಮಾತು ಎಂದುಕೊಳ್ಳಿ. ವಾಕ್ಯ ಯಾವಾಗ ನಿಜ, ಯಾವಾಗ ಸುಳ್ಳು ಎಂದು ತೋರಿಸುವ ಪಟ್ಟಿಯೇ ಸತ್ಯ ಕೋಷ್ಟಕ. ಅದರ ಪ್ರತಿ ಸಾಲಿನಲ್ಲೂ ಕೇಳಬೇಕಾದದ್ದು ಒಂದೇ ಪ್ರಶ್ನೆ: ಮಾತು ಮುರಿಯಿತಾ?

ನೀರು ಬಂತು, ಗೇಟು ತೆರೆದರು. ಮಾತು ಉಳಿಯಿತು. ನೀರು ಬಂತು, ಗೇಟು ತೆರೆಯಲಿಲ್ಲ. ಮಾತು ಮುರಿಯಿತು. ನೀರು ಜಾಸ್ತಿ ಬರಲಿಲ್ಲ, ಆದರೂ ಬೇರೆ ಕಾರಣಕ್ಕೆ ತೆರೆದರು. ಇಲ್ಲಿ ಹಲವರು "ಸುಳ್ಳು" ಎಂದು ಬರೆಯುತ್ತಾರೆ. ಆದರೆ ನೀರು ಬರದಿದ್ದಾಗ ಏನು ಮಾಡುತ್ತೇವೆ ಎಂದು ಯಾರೂ ಮಾತೇ ಕೊಟ್ಟಿರಲಿಲ್ಲ, ಹಾಗಾಗಿ ಮುರಿಯಲು ಏನೂ ಇಲ್ಲ. ನೀರೂ ಬರಲಿಲ್ಲ, ಗೇಟೂ ತೆರೆಯಲಿಲ್ಲ. ಆಗಲೂ ಮಾತು ಉಳಿಯಿತು. ನಾಲ್ಕು ಸಾಲಿನಲ್ಲಿ ಒಂದೇ ಒಂದು ಸುಳ್ಳು.

ಇದರಿಂದ ಎರಡು ಸಂಗತಿ ಹೊರಡುತ್ತವೆ. ಗೇಟು ತೆರೆದಿಲ್ಲ ಎಂದು ಗೊತ್ತಾದರೆ, ನೀರು ಜಾಸ್ತಿ ಬಂದಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ಗೇಟು ತೆರೆದಿದೆ ಎಂದು ಗೊತ್ತಾದರೆ, ನೀರಿನ ಬಗ್ಗೆ ಏನೂ ಹೇಳಲು ಬರುವುದಿಲ್ಲ. ಪರೀಕ್ಷೆಯಲ್ಲಿ ಈ ಎರಡನೆಯದರಲ್ಲೇ ಸಿಕ್ಕಿಬೀಳುತ್ತೇವೆ.

ಈಗ "ಮಾತ್ರ" ಸೇರಿಸಿ. "ನೀರು ಜಾಸ್ತಿ ಬಂದರೆ ಮಾತ್ರ ಗೇಟು ತೆರೆಯುತ್ತಾರೆ." ಮೊದಲ ವಾಕ್ಯವನ್ನು ಪುಸ್ತಕದಲ್ಲಿ "ನೀರು → ಗೇಟು" ಎಂದು ಬಾಣ ಹಾಕಿ ಬರೆಯುತ್ತಾರೆ. ಈಗ ಆ ಬಾಣದ ದಿಕ್ಕೇ ತಿರುಗಿತು. ಗೇಟು ತೆರೆದಿದ್ದರೆ ನೀರು ಬಂದೇ ಬಂದಿದೆ. ಆದರೆ ನೀರು ಬಂದ ಮಾತ್ರಕ್ಕೆ ತೆರೆದೇ ತೆರೆಯುತ್ತಾರೆ ಎಂದು ಈ ವಾಕ್ಯ ಹೇಳುವುದಿಲ್ಲ. ಇನ್ನು "ನೀರು ಬಂದರೂ ತೆರೆಯುವುದಿಲ್ಲ" ಎಂದರೆ ಬರುವುದಕ್ಕೂ ತೆರೆಯುವುದಕ್ಕೂ ಇದ್ದ ನಂಟೇ ಹೋಯಿತು. ಬಂದರೆ, ಬಂದರೆ ಮಾತ್ರ, ಬಂದರೂ. ಕನ್ನಡದಲ್ಲಿ ಇವುಗಳ ಬೇರೆತನ ಕಿವಿಗೆ ಚೆನ್ನಾಗಿ ಕೇಳಿಸುತ್ತದೆ. ಇಂಗ್ಲಿಷ್ ಪುಸ್ತಕದಲ್ಲಿ ಓದಿ ಗೊಂದಲವಾದವರಿಗೆ ಕನ್ನಡದಲ್ಲಿ ಒಮ್ಮೆ ಹೇಳಿ ನೋಡಿ ಎನ್ನುತ್ತೇನೆ, ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

"ಅಥವಾ" ಕೂಡ ಹೀಗೆಯೇ. ಖಾನಾವಳಿಯಲ್ಲಿ "ರೊಟ್ಟಿಯೋ ಚಪಾತಿಯೋ?" ಎಂದು ಕೇಳಿದರೆ ಎರಡರಲ್ಲಿ ಒಂದು ಎಂದರ್ಥ. "ಆಧಾರ್ ಅಥವಾ ವೋಟರ್ ಕಾರ್ಡ್ ತನ್ನಿ" ಎಂದರೆ ಎರಡೂ ತಂದವರನ್ನು ಯಾರೂ ವಾಪಸ್ ಕಳಿಸುವುದಿಲ್ಲ. ಗಣಿತದ "ಅಥವಾ" ಈ ಎರಡನೆಯ ಬಗೆಯದು.

ಆದರೆ ಕನ್ನಡವೇ ನಮ್ಮನ್ನು ದಾರಿ ತಪ್ಪಿಸುವ ಜಾಗವೂ ಒಂದಿದೆ. "ಎಲ್ಲರೂ ಪಾಸಾಗಲಿಲ್ಲ." ಇದರ ಅರ್ಥ ಕೆಲವರು ಫೇಲಾದರು ಎಂದೋ, ಒಬ್ಬರೂ ಪಾಸಾಗಲಿಲ್ಲ ಎಂದೋ? ಮಾತಿನಲ್ಲಿ ಸಂದರ್ಭ ನೋಡಿ ತಿಳಿದುಕೊಳ್ಳುತ್ತೇವೆ. ಲೆಕ್ಕದಲ್ಲಿ ಹಾಗೆ ಬಿಡುವಂತಿಲ್ಲ. "ಎಲ್ಲರೂ ಪಾಸಾದರು" ಎಂಬುದರ ನಿರಾಕರಣೆ "ಕನಿಷ್ಠ ಒಬ್ಬರು ಪಾಸಾಗಲಿಲ್ಲ". ಅಷ್ಟೇ, ಅದಕ್ಕಿಂತ ಜಾಸ್ತಿ ಇಲ್ಲ.

ಆಲಮಟ್ಟಿಗೇ ಮತ್ತೆ ಹೋಗೋಣ. ಅಣೆಕಟ್ಟಿಗೆ 26 ಗೇಟುಗಳಿವೆ. "26 ಗೇಟುಗಳೂ ತೆರೆದಿವೆ" ಎಂಬುದು ಸುಳ್ಳಾದರೆ ಏನಾಗಿರಬಹುದು? "ಎಲ್ಲಾ ಮುಚ್ಚಿವೆ" ಎಂದು ಬರೆದವರು ಎಷ್ಟನ್ನು ಕೈಬಿಟ್ಟರು ಎಂದು ಎಣಿಸಿ ತೋರಿಸುತ್ತೇನೆ. ಆ ಎಣಿಕೆಯೇ ಮುಂದಿನ ಹಂತ.

ಹಂತ 3: ಎಣಿಕೆ

ಒಂದು ಗೇಟು ತೆರೆದಿರುತ್ತದೆ ಇಲ್ಲವೇ ಮುಚ್ಚಿರುತ್ತದೆ. ಎರಡು ಸ್ಥಿತಿ. ಎರಡು ಗೇಟಿಗೆ 2 × 2 = 4. ಮೂರಕ್ಕೆ 8. ಇವನ್ನು ಕೈಯಾರೆ ಬರೆದು ನೋಡಿ, ಪ್ರತಿ ಹೊಸ ಗೇಟೂ ಹಳೆಯ ಪಟ್ಟಿಯನ್ನು ಇಮ್ಮಡಿ ಮಾಡುವುದು ಕಣ್ಣಿಗೇ ಕಾಣುತ್ತದೆ. 26 ಗೇಟಿಗೆ ಎರಡನ್ನು 26 ಸಲ ಗುಣಿಸಿದರೆ 6,71,08,864. ಇದರಲ್ಲಿ ಎಲ್ಲಾ ತೆರೆದಿರುವುದು ಒಂದೇ ಸ್ಥಿತಿ. ಉಳಿದ 6,71,08,863ರಲ್ಲಿ ಯಾವುದಿದ್ದರೂ ಆ ವಾಕ್ಯ ಸುಳ್ಳು. "ಎಲ್ಲಾ ಮುಚ್ಚಿವೆ" ಎಂಬುದು ಅದರಲ್ಲಿ ಬರೀ ಒಂದು!

ಇದೇ ಲೆಕ್ಕ ಊಟದ ತಟ್ಟೆಯಲ್ಲೂ ಇದೆ. ಜೋಳದ ರೊಟ್ಟಿ ಜೊತೆಗೆ ಎಣ್ಣೆಗಾಯಿ, ಝುಣಕ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕೆಂಪು ಖಾರ, ಮೊಸರು. ಆರು ಇವೆ, ಕನಿಷ್ಠ ಒಂದನ್ನಾದರೂ ಹಾಕಿಸಿಕೊಳ್ಳಬೇಕು. ಪ್ರತಿಯೊಂದಕ್ಕೂ "ಬೇಕು, ಬೇಡ" ಎಂದು ಎರಡು ದಾರಿ. 2ನ್ನು ಆರು ಸಲ ಗುಣಿಸಿದರೆ 64, ಏನೂ ಬೇಡ ಎಂಬ ಒಂದನ್ನು ಕಳೆದರೆ 63. ಆರು ರಸಗಳನ್ನು ಬೆರೆಸುವ ಬಗೆಗಳು 63 ಎಂದು ನಮ್ಮ ಹಳೆಯ ಆಯುರ್ವೇದ ಗ್ರಂಥ ಸುಶ್ರುತ ಸಂಹಿತೆಯಲ್ಲೇ ಇದೆ.

ಇಲ್ಲಿ ಭಾಸ್ಕರಾಚಾರ್ಯರನ್ನು ನೆನೆಯದೆ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ. 1114ರಲ್ಲಿ ಹುಟ್ಟಿದ ಅವರು ತಮ್ಮ ಊರನ್ನು ವಿಜ್ಜಡವಿಡ ಎಂದು ಕರೆದಿದ್ದಾರೆ. ಅದು ನಮ್ಮ ವಿಜಯಪುರವೇ ಎಂದು ಕೆಲವರು, ಮಹಾರಾಷ್ಟ್ರದ ಖಾಂದೇಶದ ಕಡೆಯದು ಎಂದು ಇನ್ನು ಕೆಲವರು ವಾದಿಸುತ್ತಾರೆ. ಅವರ ಲೀಲಾವತಿಯಲ್ಲಿ ಒಂದು ಲೆಕ್ಕವಿದೆ. ಶಿವನ ಹತ್ತು ಕೈಗಳಲ್ಲಿ ಹತ್ತು ಆಯುಧಗಳನ್ನು ಅದಲು ಬದಲು ಮಾಡಿದರೆ ಎಷ್ಟು ಮೂರ್ತಿಗಳಾಗುತ್ತವೆ? ವಿಷ್ಣುವಿನ ನಾಲ್ಕು ಕೈಗಳಿಗೆ ಎಷ್ಟು? ಮೊದಲ ಕೈಗೆ ನಾಲ್ಕು ಆಯ್ಕೆ, ಮುಂದಿನದಕ್ಕೆ ಮೂರು, ಆಮೇಲೆ ಎರಡು, ಕೊನೆಗೆ ಒಂದು. ಗುಣಿಸಿದರೆ 24. ಹತ್ತಕ್ಕೆ ಇದೇ ರೀತಿ ಗುಣಿಸುತ್ತಾ ಬಂದರೆ 36,28,800. ಇದನ್ನೇ ಫ್ಯಾಕ್ಟೋರಿಯಲ್ ಎನ್ನುತ್ತೇವೆ.

ಊರ ಹೆಸರುಗಳ ಮೇಲೆ ಅಭ್ಯಾಸ ಮಾಡಿ. ಬೆಳಗಾವಿ ಎಂಬುದರಲ್ಲಿ ಬೆ, ಳ, ಗಾ, ವಿ ನಾಲ್ಕು ಅಕ್ಷರ, 24 ಜೋಡಣೆ. ವಿಜಯಪುರಕ್ಕೆ ಐದು ಅಕ್ಷರ, 120. ಬಾಗಲಕೋಟೆಗೂ 120. ಗದಗಕ್ಕೆ ಮೂರು ಅಕ್ಷರ, ಹಾಗಾದರೆ 6? ಬರೆದು ನೋಡಿ: ಗದಗ, ಗಗದ, ದಗಗ. ಮೂರೇ. ಎರಡು "ಗ"ಗಳನ್ನು ಅದಲು ಬದಲು ಮಾಡಿದರೂ ಪದ ಬದಲಾಗುವುದಿಲ್ಲ, ಹಾಗಾಗಿ ಪ್ರತಿಯೊಂದನ್ನೂ ಎರಡು ಸಲ ಎಣಿಸಿದ್ದೆವು. 6ನ್ನು 2ರಿಂದ ಭಾಗಿಸಬೇಕು. "ಸರಸರ" ಎಂಬುದಕ್ಕೆ 24ನ್ನು 2ರಿಂದ, ಮತ್ತೆ 2ರಿಂದ ಭಾಗಿಸಿದರೆ 6. ಭಾಗಾಕಾರ ಬರುವುದು ಇದೊಂದೇ ಕಾರಣಕ್ಕೆ: ಒಂದೇ ವಸ್ತುವನ್ನು ಎಷ್ಟು ಸಲ ಎಣಿಸಿದ್ದೇವೋ ಅಷ್ಟರಿಂದ.

ಇದು ಮನಸ್ಸಿಗೆ ಹೋದರೆ ಕ್ರಮಯೋಜನೆಗೂ (ಯಾರು ಯಾವ ಜಾಗಕ್ಕೆ ಎಂಬುದೂ ಲೆಕ್ಕಕ್ಕೆ ಬರುವ ಆಯ್ಕೆ) ವಿಕಲ್ಪಕ್ಕೂ (ಕ್ರಮ ಲೆಕ್ಕಕ್ಕೆ ಬಾರದ ಆಯ್ಕೆ) ಇರುವ ವ್ಯತ್ಯಾಸ ಬಾಯಿಪಾಠ ಮಾಡಬೇಕಾಗಿಲ್ಲ. ಹತ್ತು ಜನರಲ್ಲಿ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಆರಿಸಲು 10 × 9 × 8 = 720 ಬಗೆ. ಅದೇ ಹತ್ತು ಜನರಲ್ಲಿ ಕ್ವಿಜ್‌ಗೆ ಮೂವರನ್ನು ಆರಿಸುವಾಗ ಒಂದೇ ತಂಡ 6 ಸಲ ಎಣಿಕೆಯಾಗಿರುತ್ತದೆ. 720ನ್ನು 6ರಿಂದ ಭಾಗಿಸಿ, 120.

ಇನ್ನೊಂದು ಬಗೆಯ ಎಣಿಕೆ ನನಗೆ ಬಹಳ ಇಷ್ಟ. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿದ್ದು ನೆನಪಿದೆಯಾ? ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮೂರು ಮಾತ್ರೆಯ ಗಣವನ್ನು ಎಷ್ಟು ಬಗೆಯಲ್ಲಿ ಕಟ್ಟಬಹುದು? ಲಘುವಿಗೆ "ಲ", ಗುರುವಿಗೆ "ಗು" ಎಂದು ಬರೆಯೋಣ.

ಒಂದು ಮಾತ್ರೆ: ಲ. ಒಂದೇ ಬಗೆ.
ಎರಡು ಮಾತ್ರೆ: ಲಲ, ಗು. ಎರಡು.
ಮೂರು ಮಾತ್ರೆ: ಲಲಲ, ಲಗು, ಗುಲ. ಮೂರು.

ಒಂದು, ಎರಡು, ಮೂರು. ಹಾಗಾದರೆ ಮುಂದಿನದು ನಾಲ್ಕು ಎಂದು ಎಲ್ಲರೂ ಹೇಳುತ್ತಾರೆ. ಬರೆಯಿರಿ: ಲಲಲಲ, ಲಲಗು, ಲಗುಲ, ಗುಲಲ, ಗುಗು. ಐದು! ಚಿಕ್ಕ ಪ್ರಶ್ನೆಯನ್ನು ಕೈಯಾರೆ ಬರೆಯಬೇಕು, ಆದರೆ ಅದರಲ್ಲಿ ಕಂಡ ಸರಣಿಯನ್ನು ಕಾರಣ ಸಿಗುವ ತನಕ ನಂಬಬಾರದು. ಇಲ್ಲಿ ಕಾರಣ ಸರಳ. ಗಣದ ಕೊನೆಯಲ್ಲಿ ಲಘುವಿದ್ದರೆ ಹಿಂದೆ ಒಂದು ಮಾತ್ರೆ ಕಡಿಮೆಯ ಗಣವಿದೆ. ಗುರುವಿದ್ದರೆ ಎರಡು ಮಾತ್ರೆ ಕಡಿಮೆಯದು. ಹಾಗಾಗಿ ಹಿಂದಿನ ಎರಡನ್ನು ಕೂಡಿದರೆ ಮುಂದಿನದು: 1, 2, 3, 5, 8, 13, 21. ಜಗತ್ತು ಇದನ್ನು ಫಿಬೊನಾಚಿ ಸರಣಿ ಎನ್ನುತ್ತದೆ. ಇಟಲಿಯ ಗಣಿತಜ್ಞ ಫಿಬೊನಾಚಿಯ ಪುಸ್ತಕ ಬಂದದ್ದು 1202ರಲ್ಲಿ. ಅದಕ್ಕೂ ಮುಂಚೆ, 12ನೇ ಶತಮಾನದಲ್ಲಿ, ಜೈನ ವಿದ್ವಾಂಸ ಹೇಮಚಂದ್ರ ಛಂದಸ್ಸಿನ ಲೆಕ್ಕವಾಗಿಯೇ ಇದನ್ನು ಬರೆದಿದ್ದ.

ಕುಮಾರವ್ಯಾಸ ಬಳಸಿದ ಭಾಮಿನಿ ಷಟ್ಪದಿಯಲ್ಲಿ ಗಣಗಳು ಮೂರು, ನಾಲ್ಕು ಮಾತ್ರೆಯಾಗಿ ಜೋಡಿಯಲ್ಲಿ ಬರುತ್ತವೆ. ಒಂದು ಜೋಡಿಗೆ 3 × 5 = 15 ಬಗೆ. ಗಣದ ಮೊದಲಿಗೇ ಲಘುವಿನ ನಂತರ ಗುರು ಬರಬಾರದು ಎಂಬ ನಿಯಮ ಸೇರಿಸಿದರೆ ಮೂರರಲ್ಲಿ "ಲಗು" ಹೋಯಿತು, ಐದರಲ್ಲಿ "ಲಗುಲ" ಹೋಯಿತು. ಉಳಿದದ್ದು 2 × 4 = 8.

ಹಂತ 4: ಪಾರಿವಾಳದ ಗೂಡು

ಇದು ಚಿಕ್ಕದು. ಗೂಡಿಗಿಂತ ಪಾರಿವಾಳ ಜಾಸ್ತಿ ಇದ್ದರೆ ಒಂದು ಗೂಡಿನಲ್ಲಿ ಎರಡಾದರೂ ಇರಲೇಬೇಕು. 13 ಜನರಲ್ಲಿ ಇಬ್ಬರಾದರೂ ಒಂದೇ ತಿಂಗಳಲ್ಲಿ ಹುಟ್ಟಿರುತ್ತಾರೆ. 61 ಜನರ ಕ್ಲಾಸಿನಲ್ಲಿ ಒಂದೇ ತಿಂಗಳಲ್ಲಿ ಹುಟ್ಟಿದ ಆರು ಜನ ಇದ್ದೇ ಇರುತ್ತಾರೆ, ಯಾಕೆಂದರೆ ತಿಂಗಳಿಗೆ ಐದೇ ಎಂದರೂ 60ಕ್ಕೆ ಮುಗಿಯಿತು. ಲೆಕ್ಕದಲ್ಲಿ ಗೂಡು ಯಾವುದು, ಪಾರಿವಾಳ ಯಾವುದು ಎಂದು ಎಡಪುಟದಲ್ಲಿ ಬರೆದರೆ ಮುಕ್ಕಾಲು ಕೆಲಸ ಆಯಿತು.

ಹಂತ 5: ಗ್ರಾಫ್. ಸೂಜಿದಾರ ಹಿಡಿದು

ಇಲ್ಲಿ ಗ್ರಾಫ್ ಎಂದರೆ ಮೂಲೆಗಳನ್ನು ಗೆರೆಗಳಿಂದ ಜೋಡಿಸಿದ ಚಿತ್ರ. ಕೈ ಎತ್ತದೆ, ಒಂದು ಗೆರೆಯ ಮೇಲೆ ಎರಡು ಸಲ ಹೋಗದೆ ಚಿತ್ರ ಬಿಡಿಸುವ ಆಟ ಗೊತ್ತಲ್ವಾ? ಚೌಕಾಕಾರದ ಮನೆ, ಒಳಗೆ ಎರಡು ಕರ್ಣ, ಮೇಲೆ ತ್ರಿಕೋನದ ಚಾವಣಿ. ಪ್ರತಿ ಮೂಲೆಗೆ ಎಷ್ಟು ಗೆರೆ ಸೇರುತ್ತವೆ ಎಂದು ಎಣಿಸಿ. ಕೆಳಗಿನ ಎರಡು ಮೂಲೆಗೆ ಮೂರು ಮೂರು, ಮೇಲಿನ ಎರಡಕ್ಕೆ ನಾಲ್ಕು ನಾಲ್ಕು, ತುದಿಗೆ ಎರಡು. ಒಂದು ಮೂಲೆಗೆ ಬಂದ ದಾರಿ ಹೊರಗೂ ಹೋಗಬೇಕು. ಹಾಗಾಗಿ ಗೆರೆಗಳು ಜೋಡಿ ಜೋಡಿಯಾಗಿ ಖರ್ಚಾಗುತ್ತವೆ. ಬೆಸ ಸಂಖ್ಯೆಯ ಗೆರೆ ಸೇರುವ ಮೂಲೆ ಶುರುವಾಗುವ ಇಲ್ಲವೇ ಮುಗಿಯುವ ಜಾಗ ಮಾತ್ರ ಆಗಬಲ್ಲದು. ಇಲ್ಲಿ ಬೆಸ ಮೂಲೆ ಎರಡೇ ಇವೆ, ಆದ್ದರಿಂದ ಬಿಡಿಸಬಹುದು, ಆದರೆ ಕೆಳಗಿನ ಮೂಲೆಯಿಂದಲೇ ಶುರು ಮಾಡಬೇಕು. ಚಾವಣಿ ತೆಗೆದರೆ ನಾಲ್ಕು ಮೂಲೆಗಳೂ ಬೆಸ, ಆಗ ಎಷ್ಟು ಒದ್ದಾಡಿದರೂ ಆಗುವುದಿಲ್ಲ. ಗಣಿತಜ್ಞ ಆಯ್ಲರ್ 1736ರಲ್ಲಿ ಕೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳ ಪ್ರಶ್ನೆಯನ್ನು ಬಿಡಿಸಿದ್ದು ಇದೇ ದಾರಿಯಲ್ಲಿ.

ಈಗ ಇಳಕಲ್ ಸೀರೆಯ ಮೇಲಿನ ಕಸೂತಿ ನೋಡಿ. ಗವಂತಿ ಹೊಲಿಗೆಯಲ್ಲಿ ಗಂಟು ಹಾಕುವುದಿಲ್ಲ. ಸೂಜಿ ಒಂದು ಸಲ ಬಟ್ಟೆಯ ಮೇಲೆ, ಒಂದು ಸಲ ಕೆಳಗೆ ಹೋಗುತ್ತಾ ವಾಪಸ್ ಬರುವಾಗ ಬಿಟ್ಟ ಜಾಗ ತುಂಬುತ್ತದೆ. ಒಳಗೂ ಹೊರಗೂ ಒಂದೇ ಚಿತ್ರ. ಹಾಗಾದರೆ ಚಾವಣಿ ಇಲ್ಲದ ಆ ಮನೆಯನ್ನು ಕಸೂತಿಯಲ್ಲಿ ಹಾಕಬಹುದಾ? ಹಾಕಬಹುದು. ಪ್ರತಿ ಗೆರೆಯ ಮೇಲೂ ದಾರ ಎರಡು ಸಲ ಹೋಗುತ್ತದೆ, ಮೇಲೊಮ್ಮೆ ಕೆಳಗೊಮ್ಮೆ. ಮೂರು ಇದ್ದದ್ದು ಆರಾಯಿತು. ಬೆಸ ಮೂಲೆಯೇ ಉಳಿಯಲಿಲ್ಲ. ಚಿತ್ರ ಎಲ್ಲೂ ತುಂಡಾಗದೆ ಕೂಡಿಕೊಂಡಿದ್ದರೆ ಸಾಕು, ದಾರ ಹೊರಟ ಜಾಗಕ್ಕೇ ಮರಳುತ್ತದೆ. ಮನೆಯಲ್ಲಿ ಕಸೂತಿ ಹಾಕುವ ಅಜ್ಜಿಯೋ ಅತ್ತೆಯೋ ಇದ್ದರೆ ಪಕ್ಕದಲ್ಲಿ ಕೂತು ಸೂಜಿ ಹೋಗುವ ದಾರಿ ನೋಡಿ. ಆಯ್ಲರನ ಪ್ರಮೇಯ ಅಷ್ಟು ಚೆನ್ನಾಗಿ ಬೇರೆಲ್ಲೂ ಕಾಣಲಿಕ್ಕಿಲ್ಲ.

ಹಂತ 6: ಸಂಭವನೀಯತೆ. ನಾಲ್ಕು ಕವಡೆ ಸಾಕು

ದಾಳ, ಇಸ್ಪೀಟು ಎಂದೇ ಪುಸ್ತಕಗಳು ಶುರು ಮಾಡುತ್ತವೆ. ನಾನು ಚೌಕಾಬಾರದಿಂದ ಶುರು ಮಾಡುತ್ತೇನೆ. ನಾಲ್ಕು ಕವಡೆ ಎಸೆದರೆ ಎಷ್ಟು ಅಂಗಾತ ಬಿದ್ದವೋ ಅಷ್ಟು ಮನೆ. ನಾಲ್ಕೂ ಅಂಗಾತ ಬಿದ್ದರೆ ನಾಲ್ಕು, ಒಂದೂ ಬೀಳದಿದ್ದರೆ ಎಂಟು. ಗೇಟಿನ ಲೆಕ್ಕವೇ ಇದು: 2 × 2 × 2 × 2 = 16 ಸಾಧ್ಯತೆ. ಕವಡೆ ಎರಡೂ ಕಡೆ ಸಮನಾಗಿ ಬೀಳುತ್ತದೆ ಎಂದುಕೊಂಡರೆ ಒಂದು ಬೀಳಲು 4/16, ಎರಡಕ್ಕೆ 6/16, ಮೂರಕ್ಕೆ 4/16, ನಾಲ್ಕಕ್ಕೆ 1/16, ಎಂಟಕ್ಕೆ 1/16. ಸರಾಸರಿ ಒಂದು ಎಸೆತಕ್ಕೆ ಎಷ್ಟು ಮನೆ? (4 + 12 + 12 + 4 + 8) / 16 = 2.5.

ನಾಲ್ಕು ಅಥವಾ ಎಂಟು ಬೀಳುವುದಕ್ಕೆ 2/16, ಅಂದರೆ 1/8. ಮೂರು ಸಲ ಎಸೆದರೆ ಕನಿಷ್ಠ ಒಮ್ಮೆ ಬೀಳುವ ಸಂಭವ? 3/8 ಎಂದು ಕೂಡಿಬಿಡುತ್ತಾರೆ. ಹಾಗಾದರೆ ಒಂಬತ್ತು ಸಲ ಎಸೆದರೆ 9/8 ಆಗುತ್ತದೆ, ಒಂದಕ್ಕಿಂತ ಜಾಸ್ತಿ. ಆಗುವ ಮಾತಲ್ಲ. "ಕನಿಷ್ಠ ಒಮ್ಮೆ" ಎಂಬುದರ ನಿರಾಕರಣೆ "ಒಮ್ಮೆಯೂ ಇಲ್ಲ". ಹಂತ 2 ಇಲ್ಲಿ ಕೆಲಸಕ್ಕೆ ಬಂತು. ಒಮ್ಮೆಯೂ ಬೀಳದಿರಲು 7/8 × 7/8 × 7/8 = 343/512. ಒಂದರಿಂದ ಕಳೆದರೆ 169/512, ಸುಮಾರು 0.33.

ಈಗ ನಿಜವಾದ ಕವಡೆ ತೆಗೆದುಕೊಂಡು ಒಂದನ್ನೇ ನೂರು ಸಲ ಎಸೆದು ಬರೆದಿಡಿ. ಸಮನಾಗಿ ಬೀಳಬೇಕೆಂದೇನೂ ಇಲ್ಲ. 60 ಸಲ ಅಂಗಾತ ಬಿತ್ತು ಎಂದುಕೊಳ್ಳಿ. ಆಗ ನಾಲ್ಕು ಬೀಳಲು 0.6ನ್ನು ನಾಲ್ಕು ಸಲ ಗುಣಿಸಿ, 0.1296. ಎಂಟಕ್ಕೆ 0.4ನ್ನು ನಾಲ್ಕು ಸಲ, 0.0256. ಸಮವಾಗಿದ್ದ ನಾಲ್ಕು ಮತ್ತು ಎಂಟು ಈಗ ಐದು ಪಟ್ಟು ದೂರವಾದವು! ಕವಡೆಯ ಬದಲು ಒಡೆದ ಹುಣಸೆ ಬೀಜದಲ್ಲೂ ಮಾಡಿ ನೋಡಿ, ಬೇರೆ ಸಂಖ್ಯೆ ಬರಬಹುದು.

ಷರತ್ತಿನ ಸಂಭವನೀಯತೆಗೆ (ಒಂದು ಸಂಗತಿ ಗೊತ್ತಾದ ಮೇಲೆ ಇನ್ನೊಂದರ ಸಂಭವ) ಒಂದೇ ಉಪಾಯ ಹೇಳುತ್ತೇನೆ: ಶೇಕಡಾ ಬಿಟ್ಟು ಸಾವಿರ ಕಾಯಿ ಎಣಿಸಿ. ಒಬ್ಬ ವ್ಯಾಪಾರಿ ಇಂಡಿ ಕಡೆಯ ಎರಡು ತೋಟಗಳಿಂದ ಲಿಂಬೆ ತರಿಸುತ್ತಾನೆ. ಮೊದಲ ತೋಟದಿಂದ ಶೇ. 60, ಅದರಲ್ಲಿ ಶೇ. 2 ಕೆಟ್ಟಿರುತ್ತವೆ. ಎರಡನೆಯದರಿಂದ ಶೇ. 40, ಅದರಲ್ಲಿ ಶೇ. 5 ಕೆಟ್ಟಿರುತ್ತವೆ. ಕೈಗೆ ಬಂದದ್ದು ಕೆಟ್ಟ ಕಾಯಿ. ಎರಡನೆಯ ತೋಟದ್ದಾಗಿರುವ ಸಂಭವ ಎಷ್ಟು? ಸಾವಿರದಲ್ಲಿ 600 ಮೊದಲನೆಯದರದು, ಕೆಟ್ಟದ್ದು 12. 400 ಎರಡನೆಯದರದು, ಕೆಟ್ಟದ್ದು 20. ಒಟ್ಟು ಕೆಟ್ಟದ್ದು 32, ಅದರಲ್ಲಿ 20. ಉತ್ತರ 5/8. ಬೇಯ್ಸ್ ಸೂತ್ರ ಮಾಡುವುದೂ ಇದನ್ನೇ. ಕೆಟ್ಟದ್ದು ಎಂದು ಗೊತ್ತಾದ ಕ್ಷಣ ಒಳ್ಳೆಯ 968 ಕಾಯಿಗಳು ಲೆಕ್ಕದಿಂದ ಹೊರಗೆ ಹೋದವು, ಇಷ್ಟು ನೆನಪಿಡಿ.

ಹಂತ 7: ಈಗ ನೀವು

ದಿನಕ್ಕೆ ಎರಡು ಲೆಕ್ಕ ಸಾಕು. ಅರ್ಧ ಗಂಟೆ ಒದ್ದಾಡುವ ತನಕ ಉತ್ತರ ನೋಡಬೇಡಿ. ನೋಡಿದರೆ, ಪುಟ ಮುಚ್ಚಿ ಮರುದಿನ ಮತ್ತೆ ಅದೇ ಲೆಕ್ಕವನ್ನು ಮಾಡಿ. ಜೊತೆಗೊಬ್ಬರು ಇದ್ದರೆ ಇನ್ನೂ ಒಳ್ಳೆಯದು: ಬಾಯಿಬಿಟ್ಟು ವಿವರಿಸಲು ಹೋದಾಗ ಎಲ್ಲಿ ತಿಳಿದಿಲ್ಲ ಎಂಬುದು ತಾನಾಗಿ ಸಿಗುತ್ತದೆ.

1. ಮೂರು ಡಬ್ಬಿಗಳಲ್ಲಿ ಒಂದರಲ್ಲಿ ಮಾತ್ರ ಬೆಳಗಾವಿ ಕುಂದಾ ಇದೆ. ಮೊದಲ ಡಬ್ಬಿಯ ಮೇಲೆ "ಕುಂದಾ ಇಲ್ಲಿದೆ", ಎರಡನೆಯದರ ಮೇಲೆ "ಕುಂದಾ ಇಲ್ಲಿಲ್ಲ", ಮೂರನೆಯದರ ಮೇಲೆ "ಕುಂದಾ ಮೊದಲ ಡಬ್ಬಿಯಲ್ಲಿಲ್ಲ" ಎಂದಿದೆ. ಮೂರರಲ್ಲಿ ಒಂದೇ ನಿಜ. ಕುಂದಾ ಎಲ್ಲಿದೆ?
2. "ಪಾಸಾದರೆ ಮಾತ್ರ ಹಾಸ್ಟೆಲ್ ಸಿಗುತ್ತದೆ." ತಂಗಿ ಪಾಸಾಗಿದ್ದಾಳೆ. ಹಾಸ್ಟೆಲ್ ಖಂಡಿತ ಸಿಗುತ್ತದಾ?
3. ಸಾಲಾಗಿರುವ 26 ಗೇಟುಗಳಲ್ಲಿ ಪಕ್ಕಪಕ್ಕದಲ್ಲಿಲ್ಲದ ಎರಡನ್ನು ಎಷ್ಟು ಬಗೆಯಲ್ಲಿ ಆರಿಸಬಹುದು?
4. ಸಮನಾಗಿ ಬೀಳುವ ಕವಡೆಗಳನ್ನು ಎರಡು ಸಲ ಎಸೆದಾಗ ಒಟ್ಟು ನಾಲ್ಕು ಮನೆ ಆಗುವ ಸಂಭವ ಎಷ್ಟು?
5. ಏಳು ಮಾತ್ರೆಯನ್ನು ಲಘು ಗುರುಗಳಿಂದ 21 ಬಗೆಯಲ್ಲಿ ಕಟ್ಟಬಹುದು. ಮೂರು, ನಾಲ್ಕು ಎಂದು ಗಣ ಒಡೆದಾಗ 15 ಬಗೆ ಮಾತ್ರ. ಉಳಿದ ಆರು ಎಲ್ಲಿ ಹೋದವು?

ಉತ್ತರಗಳು. ಮೊದಲನೆಯದಕ್ಕೆ ಮೂರು ಡಬ್ಬಿಗಳನ್ನೂ ಒಂದೊಂದಾಗಿ ಊಹಿಸಿ ನೋಡಿ. ಮೊದಲನೆಯದರಲ್ಲಿದ್ದರೆ ಎರಡು ಮಾತು ನಿಜವಾಗುತ್ತವೆ, ಮೂರನೆಯದರಲ್ಲಿದ್ದರೂ ಎರಡು. ಹಾಗಾಗಿ ಕುಂದಾ ಎರಡನೆಯದರಲ್ಲಿದೆ. ಎರಡನೆಯ ಪ್ರಶ್ನೆಗೆ ಇಲ್ಲ. ಪಾಸಾಗುವುದು ಬೇಕು, ಅಷ್ಟೇ ಸಾಕು ಎಂದು ಯಾರೂ ಹೇಳಿಲ್ಲ. ಮೂರನೆಯದರಲ್ಲಿ ಯಾವುದೇ ಎರಡನ್ನು ಆರಿಸಲು 26 × 25 / 2 = 325 ಬಗೆ, ಪಕ್ಕಪಕ್ಕದ ಜೋಡಿಗಳು 25, ಉಳಿದದ್ದು 300. ನಾಲ್ಕನೆಯದರಲ್ಲಿ ಒಂದು ಮತ್ತು ಮೂರು, ಮೂರು ಮತ್ತು ಒಂದು, ಎರಡು ಮತ್ತು ಎರಡು ಎಂಬ ಮೂರು ದಾರಿಗಳಿವೆ: (16 + 16 + 36) / 256 = 17/64. ಐದನೆಯದರಲ್ಲಿ, ಮೂರನೆಯ ಮತ್ತು ನಾಲ್ಕನೆಯ ಮಾತ್ರೆಗಳ ಮೇಲೆ ಒಂದೇ ಗುರು ಕೂತಾಗ ಗಣ ಒಡೆಯಲು ಬರುವುದಿಲ್ಲ. ಆ ಗುರುವಿನ ಹಿಂದೆ ಎರಡು ಮಾತ್ರೆ, ಅದಕ್ಕೆ 2 ಬಗೆ. ಮುಂದೆ ಮೂರು ಮಾತ್ರೆ, ಅದಕ್ಕೆ 3 ಬಗೆ. 2 × 3 = 6.